ಟ್ಯಾಂಕ್ ಸೋರಿದರೆ ಯಾರನ್ನು ಕೇಳುವುದು?

ದಾಂಡೇಲಿಗೆ ರಾಫ್ಟಿಂಗಿಗೆ ಬಂದವರು ಬಿಟ್ಟುಹೋದ ವೇಪ್ ಹೋಮ್‌ಸ್ಟೇ ಹುಡುಗರ ಕೈಯಲ್ಲಿರುವುದನ್ನು ನಾವು ಕಂಡಿದ್ದೇವೆ. ಸುಟ್ಟ ರುಚಿ ಬಂದರೆ ಒಳಗಿನ ಹತ್ತಿ ಒಣಗಿದೆ, ನಡುವಿನ ಗಾಳಿ ಕೊಳವೆಗೆ ದ್ರವ ಇಳಿದರೆ ಟ್ಯಾಂಕ್ ಸೋರುತ್ತದೆ. ಇಷ್ಟನ್ನು ಮೊಬೈಲ್ ನೋಡಿಯೇ ಕಲಿತಿದ್ದಾರೆ. ಸೋರಿದ್ದನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಅದರಲ್ಲಿನ ನಿಕೋಟಿನ್ ಚರ್ಮದಿಂದಲೂ ಒಳಗಿಳಿಯುತ್ತದೆ, ಮನೆಯ ಮಗು ಕುಡಿದರೆ ಜೀವಕ್ಕೇ ಕುತ್ತು ಎಂದು ಅವರಿಗೆ ಹೇಳಿದವರಿಲ್ಲ.

ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯಲ್ಲಿ ಮಾರಿದವರಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಷೇಧ ಸರಿಯೇ. ಆದರೆ ಹಳಿಯಾಳ, ಮುಂಡಗೋಡ, ಜೋಯಿಡಾದಲ್ಲಿ ನಾವು ಕೇಳಿದ ತಂಬಾಕು ದಿನದ ಭಾಷಣಗಳೆಲ್ಲ ಗುಟ್ಕಾ, ಬೀಡಿಗೇ ಮುಗಿದವು. (ನಮ್ಮ ವರದಿಗಳೂ ಅಷ್ಟೇ.) ಮುಂದಿನ ಮೇ 31ಕ್ಕೆ, ಪೊಲೀಸರು ಜಪ್ತಿ ಮಾಡಿದ ಸೋರುವ ಟ್ಯಾಂಕೊಂದನ್ನು ಮೇಜಿನ ಮೇಲಿಟ್ಟೇ ವೈದ್ಯರು ಮಾತಾಡಲಿ.