ಗಡಿಯಾಚೆಯ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಮಾತು ನಮ್ಮ ನಾಡಿಗಷ್ಟೇ ಸಲ್ಲುವುದಲ್ಲ. ಮೆಕ್ಸಿಕೋದ ಚಿಯಾಪಾಸ್ ಪ್ರಾಂತ್ಯದಿಂದ ಗ್ವಾಟೆಮಾಲಾಕ್ಕೆ ನೆಲದ ಹಾದಿಯಲ್ಲಿ ಸಾಗುವ ಪ್ರವಾಸಿಗೂ ಅದು ನೆನಪಾಗಬೇಕು. ಗಡಿ ಸಮೀಪಿಸಿದಂತೆ ಕುಚುಮಟಾನೆಸ್ ಪರ್ವತಶ್ರೇಣಿಯು ಎದುರಿಗೆ ನೀಲಿಯ ಗೋಡೆಯಂತೆ ಏಳುತ್ತದೆ. ಅದರ ಎತ್ತರ 3,800 ಮೀಟರಿಗೂ ಮಿಗಿಲು. ಮಧ್ಯ ಅಮೆರಿಕದಲ್ಲಿ ಜ್ವಾಲಾಮುಖಿಗಳನ್ನು ಬಿಟ್ಟರೆ ಇದಕ್ಕಿಂತ ಎತ್ತರದ ಬೆಟ್ಟಸಾಲು ಇಲ್ಲ.

ಬೆನ್ನಿಗೆ ಚೀಲವೇರಿಸಿ ಬಂದ ತರುಣನು ಇಲ್ಲಿ ಎರಡು ಠಾಣೆಗಳನ್ನು ಹಾಯಬೇಕು. ಮೆಕ್ಸಿಕೋದ ಠಾಣೆಯಲ್ಲಿ ನಿರ್ಗಮನದ ಮುದ್ರೆ. ಸುಮಾರು 4 ಕಿಲೋಮೀಟರು ಮುಂದಿನ ಲಾ ಮೆಸಿಯಾದಲ್ಲಿ ಗ್ವಾಟೆಮಾಲಾದ ಪ್ರವೇಶಮುದ್ರೆ. ಕೈಯಲ್ಲಿದ್ದ ಪೆಸೊ ಹೋಗಿ, ಹಕ್ಕಿಯೊಂದರ ಹೆಸರು ಹೊತ್ತ ಕೆಟ್ಸಾಲ್ ನಾಣ್ಯ ಬರುತ್ತದೆ. ಅಮೆರಿಕದ ಶಾಲಾಮಕ್ಕಳನ್ನು ಹೊತ್ತು ಹಳತಾದ ಬಸ್ಸೊಂದು ಹೊಸ ಬಣ್ಣ ಬಳಿದುಕೊಂಡು ವೇವೇತೆನಾಂಗೊ ಪಟ್ಟಣಕ್ಕೆ ಹೊರಟಿರುತ್ತದೆ. ಚೀಲವು ಬಸ್ಸಿನ ನೆತ್ತಿಯನ್ನೇರಿದರೆ ಗಡಿ ದಾಟಿದಂತೆಯೇ.

ಎಲ್ಲರಿಗೂ ಈ ಗಡಿ ಇಷ್ಟು ಸುಲಭವಾಗಿರಲಿಲ್ಲ. 1882ರ ಒಪ್ಪಂದವು ಇಲ್ಲಿ ಗೆರೆ ಎಳೆದಾಗ, ಮಾಮ್ ಭಾಷೆಯನ್ನಾಡುವ ಮಾಯಾ ಜನರು ಗೆರೆಯ ಎರಡು ಬದಿಗೂ ಹಂಚಿಹೋದರು. ಒಂದು ನೂರು ವರ್ಷಗಳ ತರುವಾಯ, 1980ರ ದಶಕದ ಆದಿಯಲ್ಲಿ, ಸೈನ್ಯವು ಹಳ್ಳಿಗಳಿಗೆ ಬೆಂಕಿಯಿಟ್ಟಾಗ ಸಾವಿರಾರು ಮಾಯಾ ಕುಟುಂಬಗಳು ಬೆಟ್ಟಕಾಡುಗಳ ಮರೆಯಲ್ಲಿ ನಡೆದು ಚಿಯಾಪಾಸ್ ಸೇರಿದವು. ಅವರ ಬೆನ್ನ ಮೇಲಿದ್ದುದು ಪ್ರವಾಸದ ಚೀಲವಲ್ಲ, ಕೂಸು. ಯಾವ ಠಾಣೆಯ ಮುದ್ರೆಯೂ ಅವರಿಗೆ ಬೀಳಲಿಲ್ಲ.

ಹತ್ತು ವರ್ಷಗಳ ಮೇಲೆ, 1993ರ ಜನವರಿ 20ರಂದು, ಸುಮಾರು 2,500 ನಿರಾಶ್ರಿತರು ಒಟ್ಟಾಗಿ ಇದೇ ಲಾ ಮೆಸಿಯಾದ ಮೂಲಕ ತಾಯ್ನಾಡಿಗೆ ಮರಳಿದರು. ಆಗಿನ್ನೂ ಯುದ್ಧ ಮುಗಿದಿರಲಿಲ್ಲ. 1960ರಲ್ಲಿ ಹೊತ್ತಿಕೊಂಡ ಆ ಅಂತರ್ಯುದ್ಧವು ಶಾಂತಿ ಒಪ್ಪಂದದಿಂದ ತಣ್ಣಗಾದುದು 1996ರ ಡಿಸೆಂಬರಿನಲ್ಲಿ. ಸತ್ತವರೂ ಕಾಣೆಯಾದವರೂ ಸೇರಿ ಎರಡು ಲಕ್ಷಕ್ಕೂ ಹೆಚ್ಚೆಂದು ವಿಶ್ವಸಂಸ್ಥೆಯ ಬೆಂಬಲದ ಆಯೋಗವು 1999ರಲ್ಲಿ ಅಂದಾಜು ಮಾಡಿತು.

ಬಸ್ಸು ಏರನ್ನು ಹತ್ತತೊಡಗಿದಾಗ ದೂರದ ನೀಲಿ ಕರಗುತ್ತದೆ. ಕಡಿದಾದ ಇಳಿಜಾರಿಗೆ ಅಂಟಿಕೊಂಡ ಮೆಕ್ಕೆಜೋಳದ ತುಂಡುಹೊಲಗಳು ಕಣ್ಣಿಗೆ ಬೀಳುತ್ತವೆ. ಚೀಲದಲ್ಲಿ ಏನನ್ನು ತರಬೇಕು, ಏನನ್ನು ಬಿಡಬೇಕೆಂದು ಆ ತರುಣನು ಮನೆಯಲ್ಲಿ ಕುಳಿತು ಯೋಚಿಸಿದ್ದನು. ಎಲ್ಲವನ್ನೂ ಬಿಟ್ಟು ಓಡಿ, ಬರಿಗೈಯಲ್ಲಿ ಹಿಂತಿರುಗಿ, ಮತ್ತೆ ಬೀಜ ಊರಿದವರು ಈ ಬೆಟ್ಟಗಳಲ್ಲಿದ್ದಾರೆ. ಅಷ್ಟನ್ನು ತಿಳಿದು ನೋಡುವವನಿಗೆ ಬೆಟ್ಟವು ನುಣ್ಣಗೆ ಕಾಣದು. ಆದರೆ ಅವನು ಬೆಟ್ಟವನ್ನು ಕಂಡಿರುತ್ತಾನೆ.