ಲೆಕ್ಕ ಕೇಳಿದರೆ ಕುಲ ಕೇಳುವವರು

ಸರಕಾರಿ ಕಚೇರಿಯ ಗುಮಾಸ್ತರಾದ ನಮಗೆ ಎರಡು ಭಾಗ್ಯಗಳುಂಟು. ಒಂದು, ತಿಂಗಳಿಗೆ ಸರಿಯಾಗಿ ಕೈಸೇರುವ ಸಂಬಳ. ಇನ್ನೊಂದು, ದಹಿಸರದಿಂದ ಚರ್ಚ್‌ಗೇಟಿನವರೆಗೆ ಲೋಕಲ್ ಗಾಡಿಯಲ್ಲಿ ಪಕ್ಕದವರ ಪತ್ರಿಕೆಯನ್ನು ಪುಕ್ಕಟೆಯಾಗಿ ಓದುವ ಅವಕಾಶ. ಈಚೆಗೆ ಪತ್ರಿಕೆ ಹಿಡಿದು ಬರುವವರು ಕಡಮೆಯಾಗಿದ್ದಾರೆ. ಅಗ್ರಲೇಖದ ತುಣುಕು ಮೊಬೈಲಿಗೇ ಬಂದು ಬೀಳುತ್ತದೆ. ಆದರೇನು, ಬಿಸಿ ಮಾತ್ರ ಕಡಮೆಯಾಗಿಲ್ಲ. ಪಕ್ಷದ ಪರ ವಿರೋಧ ಮಾತಾಡಲು ನೌಕರಿಯ ನಿಯಮ ನಮ್ಮನ್ನು ಬಿಡುವುದಿಲ್ಲ. ಓದುವುದಕ್ಕೆ ಮಾತ್ರ ಯಾವ ನಿಯಮವೂ ಅಡ್ಡವಿಲ್ಲ. ಆದುದರಿಂದ ಈ ಸಲ ಯಾವ ಪಕ್ಷ ಸರಿ ಎಂಬ ಜಿಜ್ಞಾಸೆಗೆ ಹೋಗದೆ, ಅಗ್ರಲೇಖವನ್ನು ಓದುವ ಬಗೆ ಹೇಗೆ ಎಂಬುದನ್ನಷ್ಟೇ ವಾಚಕರೊಡನೆ ವಿಚಾರ ಮಾಡಬಯಸುತ್ತೇವೆ.

ನಾವಿಲ್ಲಿ ಹೇಳುತ್ತಿರುವುದು ಭಾಷೆ, ಆಚಾರ, ಮಣ್ಣು ಇವುಗಳ ರಕ್ಷಣೆಗೆ ನಿಂತೆವೆಂದು ಹೇಳಿಕೊಳ್ಳುವ ಬರವಣಿಗೆಯ ವಿಷಯ. ಆ ಭಾವನೆಯನ್ನು ಹಗುರಾಗಿ ಕಾಣುವ ಅಧಿಕಾರ ನಮಗಿಲ್ಲ. ಊರು ಬಿಟ್ಟು ಬಂದು, ಮಕ್ಕಳಿಗೆ ಭಾನುವಾರ ಕನ್ನಡ ಅಕ್ಷರ ತಿದ್ದಿಸಿ, ವರ್ಷಕ್ಕೊಮ್ಮೆ ಯಕ್ಷಗಾನ ಆಡಿಸಿ, ಹಬ್ಬಕ್ಕೆ ಕಡುಬು ಮಾಡುವ ನಾವೂ ಉಳಿಸಿಕೊಳ್ಳುವ ಜಾತಿಯವರೇ ಸರಿ. ನಮ್ಮ ಸಂಘ ಇರುವುದೇ ಅದಕ್ಕೆ. ಉಳಿಸಿಕೊಳ್ಳುವ ಆಸೆ ಬೇರೆ. ಆ ಆಸೆಯ ಹೆಸರಿನಲ್ಲಿ ವಿಷಯವನ್ನು ಪಲ್ಲಟ ಮಾಡುವುದು ಬೇರೆ.

ವಿಷಯ ಪಲ್ಲಟವೆಂದರೇನು? ಕಚೇರಿಯಲ್ಲಿ ಕೂತವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪ್ರತಿ ಕಡತದ ಮೇಲೂ 'ವಿಷಯ' ಎಂದು ಒಂದು ಸಾಲಿರುತ್ತದೆ. ಒಬ್ಬ ಬಡವ ತನ್ನ ಓಣಿಯ ಗಟಾರದ ಬಗ್ಗೆ ಅರ್ಜಿ ಕೊಟ್ಟಿದ್ದಾನೆ ಎನ್ನಿ. ಯಾರೋ ಆ ಸಾಲನ್ನು 'ಅರ್ಜಿದಾರನ ವಾಸದ ದಾಖಲೆ' ಎಂದು ಬದಲಿಸಿದರೆ ತೀರಿತು. ಕಡತ ಬೇರೆ ಮೇಜಿಗೆ ಹೋಗುತ್ತದೆ. ಪತ್ರ ವ್ಯವಹಾರವೇನೋ ಜೋರಾಗಿಯೇ ನಡೆಯುತ್ತದೆ, ಟಿಪ್ಪಣಿಯ ಮೇಲೆ ಟಿಪ್ಪಣಿ ಬೀಳುತ್ತದೆ. ಗಟಾರ ಮಾತ್ರ ಹಾಗೆಯೇ ನಾರುತ್ತಿರುತ್ತದೆ. 'ಏನು ಮಾಡಿದಿರಿ?' ಎಂಬ ಪ್ರಶ್ನೆಯನ್ನು 'ನೀವು ಯಾರು?' ಎಂಬುದಕ್ಕೆ ತಿರುಗಿಸುವ ಈ ವಿದ್ಯೆ ನಗರದ ಅಗ್ರಲೇಖಗಳಿಗೂ ಚೆನ್ನಾಗಿ ತಿಳಿದಿದೆ.

ಇದಕ್ಕೆ ಹಳೆಯ ಉದಾಹರಣೆಯೊಂದಿದೆ, ನಮ್ಮವರಿಗೆ ಹತ್ತಿರದ್ದು. ಸ್ವಾತಂತ್ರ್ಯ ಬಂದ ದಿನಗಳಲ್ಲಿ ಈ ಊರಿನ 'ಫ್ರೀ ಪ್ರೆಸ್ ಜರ್ನಲ್' ಪತ್ರಿಕೆಯಲ್ಲಿ ಇಬ್ಬರು ತರುಣ ವ್ಯಂಗ್ಯಚಿತ್ರಕಾರರು ಕೆಲಕಾಲ ಜೊತೆಯಾಗಿದ್ದರು. ಒಬ್ಬರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್, ಇನ್ನೊಬ್ಬರು ಬಾಳ್ ಠಾಕ್ರೆ. ಕಡೆಯವರೆಗೂ ಇಬ್ಬರೂ ಸ್ನೇಹಿತರು. ಇಬ್ಬರ ಕುಂಚವೂ ಹರಿತ. ಲಕ್ಷ್ಮಣರು 'ಟೈಮ್ಸ್ ಆಫ್ ಇಂಡಿಯಾ' ಸೇರಿ, ಚೌಕಳಿ ಕೋಟು ಧೋತರದ ಒಬ್ಬ ಮುದುಕನನ್ನು ಸೃಷ್ಟಿಸಿದರು. ಆ ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ. ರಸ್ತೆಯ ಹೊಂಡ, ರೇಶನ್ನಿನ ಸಾಲು, ಮಂತ್ರಿಯ ಮಾತು, ಎಲ್ಲದರ ಎದುರಿಗೂ ಸುಮ್ಮನೆ ನಿಂತು ನೋಡುತ್ತಾನೆ. ಅವನ ಮಾತೃಭಾಷೆ ಯಾವುದೆಂದು ಅರ್ಧ ಶತಮಾನ ಯಾರೂ ಕೇಳಲಿಲ್ಲ.

ಠಾಕ್ರೆಯವರು 1960ರ ಆಗಸ್ಟ್ 13ರಂದು 'ಮಾರ್ಮಿಕ್' ವಾರಪತ್ರಿಕೆಯನ್ನು ಹೊರಡಿಸಿದರು. ಮುಖ್ಯಮಂತ್ರಿ ಯಶವಂತರಾವ್ ಚವಾಣರೇ ಅದನ್ನು ಬಿಡುಗಡೆ ಮಾಡಿದರು. ಮೊದಲು ಅದೊಂದು ವಿನೋದದ ವಾರಪತ್ರಿಕೆ. ಕ್ರಮೇಣ ಅದರಲ್ಲಿ ಒಂದು ಪಟ್ಟಿ ಬರತೊಡಗಿತು. ಮುಂಬಯಿಯ ಕಚೇರಿ ಕಂಪನಿಗಳಲ್ಲಿ ಅಧಿಕಾರದಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿ. ಅದಕ್ಕೆ ಮೊದಲು 'ಓದಿ, ಸುಮ್ಮನೆ ಕುಳಿತಿರಿ' ಎಂಬರ್ಥದ ತಲೆಬರಹ. ಆಮೇಲೆ 'ಓದಿ, ಎದ್ದೇಳಿ' ಎಂಬರ್ಥದ್ದು. ಪಟ್ಟಿಯ ಮಹಾನುಭಾವರು ಏನು ತಪ್ಪು ಮಾಡಿದ್ದರು, ಯಾರ ಹಣ ತಿಂದಿದ್ದರು ಎಂಬ ವಿವರ ಬೇಕಿರಲಿಲ್ಲ. ಹೆಸರೇ ಸಾಕ್ಷಿ, ಹೆಸರೇ ತೀರ್ಪು.

1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದದ್ದು, ಲುಂಗಿಯ ಮೇಲೆ ಘೋಷಣೆ ಕಟ್ಟಿದ್ದು ಹಳಬರಿಗೆಲ್ಲ ನೆನಪಿದೆ. ಗಡಿಯ ವಿಚಾರವಾಗಿ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಮಹಾರಾಷ್ಟ್ರಕ್ಕೆ ಬರಲಿಲ್ಲವೆಂಬ ಸಿಟ್ಟು 1969ರ ಫೆಬ್ರವರಿಯಲ್ಲಿ ಮುಂಬಯಿಯ ಬೀದಿಗೆ ಬಂತು. ಬೆಳಗಾವಿಯ ಗಡಿಗೂ ಪರಳದ ಹೋಟೆಲಿನ ಇಡ್ಲಿ ಪಾತ್ರೆಗೂ ಏನು ಸಂಬಂಧವೆಂದು ಕೇಳಿ ಫಲವಿರಲಿಲ್ಲ.

ನಮ್ಮ ಹಿರಿಯರೊಬ್ಬರು ಆಗ ಹೋಟೆಲಿನಲ್ಲಿ ಮೇಜು ಒರೆಸುತ್ತ ರಾತ್ರಿ ಶಾಲೆಗೆ ಹೋಗುತ್ತಿದ್ದವರು. ಅವರು ಹೇಳುವುದುಂಟು: "ಕಲ್ಲು ಹೊಡೆದವನೂ ಮರಾಠಿಯವನೇ ಮಾರಾಯ್ರೆ, ಶಟರಿಗೆ ಬೆನ್ನು ಕೊಟ್ಟು ಅಡ್ಡ ನಿಂತ ಮಿಲ್ಲಿನ ಕಾಮಗಾರನೂ ಮರಾಠಿಯವನೇ. ಅವನು ದಿನಾ ನಮ್ಮಲ್ಲಿ ಚಹಾ ಕುಡಿಯುವವನು. ಪೇಪರಿನಲ್ಲಿ ಮೊದಲಿನವನ ಸುದ್ದಿ ಬಂತು, ಎರಡನೆಯವನದು ಬರಲಿಲ್ಲ."

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಆ ಪಟ್ಟಿ ತಪ್ಪಿರಬಹುದು, ಅದರ ಹಿಂದಿನ ನೋವು ಸುಳ್ಳಲ್ಲ. ಸಂಯುಕ್ತ ಮಹಾರಾಷ್ಟ್ರಕ್ಕಾಗಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟರು. ಹುತಾತ್ಮಾ ಚೌಕ ಅದರ ಗುರುತು. 1960ರ ಮೇ 1ರಂದು ರಾಜ್ಯವೇನೋ ಬಂತು. ಆದರೆ ಮಿಲ್ಲಿನಲ್ಲಿ ದುಡಿಯುವ ಮನೆಯ ಹುಡುಗ ಮೆಟ್ರಿಕ್ ಮಾಡಿ ಕಚೇರಿಯ ಬಾಗಿಲಿಗೆ ಬಂದಾಗ, ಇಂಗ್ಲಿಷೂ ಟೈಪಿಂಗೂ ಶೀಘ್ರಲಿಪಿಯೂ ಕಲಿತ ದಕ್ಷಿಣದವನು ಒಳಗೆ ಕುಳಿತಿದ್ದ. ಹುಡುಗನಿಗೆ ಸಂಕಟವಾಗುವುದು ಸಹಜ. ತನ್ನ ಓಣಿಯಲ್ಲಿ ಟೈಪಿಂಗ್ ಶಾಲೆ ಏಕಿಲ್ಲವೆಂದು ಅವನು ಸರಕಾರವನ್ನು ಕೇಳಬಹುದಿತ್ತು. ಪತ್ರಿಕೆ ಅವನ ಕೈಗೆ ಹೆಸರಿನ ಪಟ್ಟಿ ಕೊಟ್ಟಿತು. ಅರ್ಜಿಯ 'ವಿಷಯ' ಅಲ್ಲಿ ಬದಲಾಯಿತು.

ಒಮ್ಮೆ ಬದಲಾದ ಮೇಲೆ ಹೆಸರುಗಳನ್ನು ಮಾತ್ರ ಅಳಿಸಿ ಬರೆಯುತ್ತ ಹೋಗಬಹುದು. 2008ರಲ್ಲಿ ಉತ್ತರದಿಂದ ರೈಲ್ವೆ ಪರೀಕ್ಷೆಗೆ ಬಂದ ಹುಡುಗರು ಪೆಟ್ಟು ತಿಂದರು. ಆಗ ನಮ್ಮವರಲ್ಲಿ ಕೆಲವರು, "ನಮ್ಮ ಸರದಿ ಮುಗಿಯಿತಲ್ಲ" ಎಂದು ಉಸಿರುಬಿಟ್ಟದ್ದುಂಟು. 2025ರ ಜುಲೈಯಲ್ಲಿ ನಮ್ಮ ದಹಿಸರ್ ನಾಕಾ ದಾಟಿದ ಕೂಡಲೆ ಸಿಗುವ ಮೀರಾರೋಡಿನಲ್ಲಿ, ಮರಾಠಿ ಮಾತಾಡುವ ವಿಷಯಕ್ಕೆ ಅಂಗಡಿಕಾರರೊಬ್ಬರ ಕಪಾಳಕ್ಕೆ ಹೊಡೆದ ದೃಶ್ಯವನ್ನು ದೇಶವೆಲ್ಲ ನೋಡಿತು. ಜುಲೈ 3ಕ್ಕೆ ವ್ಯಾಪಾರಿಗಳ ಬಂದ್, 8ಕ್ಕೆ ಮರಾಠಿಯ ಪರ ಮೆರವಣಿಗೆ. ಸರದಿ ಎಂಬುದು ತಿರುಗುವ ಚಕ್ರ.

ಅದೇ ವರ್ಷದ ನಗರದ ಚರ್ಚೆಗಳನ್ನೇ ತೆಗೆದುಕೊಳ್ಳೋಣ. ಏಪ್ರಿಲ್ 16ರಂದು ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿ ಎಂಬ ಸರಕಾರಿ ಆದೇಶ ಬಂತು. ಆರು ವರ್ಷದ ಮಗುವಿಗೆ ಮೂರು ಭಾಷೆ ಹೊರೆಯೇ ಅಲ್ಲವೇ ಎಂಬುದು ನಿಜವಾದ ಪ್ರಶ್ನೆ, ಕೇಳತಕ್ಕ ಪ್ರಶ್ನೆ. ವಿರೋಧ ಬಲವಾಗಿ, ಜೂನ್ 29ರಂದು ಸರಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ಅದರ ಬೆನ್ನಿಗೇ ದಾದರದ ಕಬೂತರಖಾನೆ. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ತೊಂದರೆ ಎಂದು ಪಾಲಿಕೆ ಅದನ್ನು ಮುಚ್ಚಿತು. ಕಾಳು ಹಾಕುವುದು ಧರ್ಮವೆಂದು ನಂಬಿದವರು ಆಗಸ್ಟಿನಲ್ಲಿ ತಾಡಪಾಲು ಕಿತ್ತರು. ಪುಪ್ಪುಸದ ಪ್ರಶ್ನೆ ಎರಡೇ ದಿನದಲ್ಲಿ ಜೈನರು ಮರಾಠಿಯವರು ಎಂಬ ಪ್ರಶ್ನೆಯಾಯಿತು. ಅಷ್ಟರಲ್ಲಿ ಸ್ವಾತಂತ್ರ್ಯ ದಿನದಂದು ಮಾಂಸದಂಗಡಿ ಮುಚ್ಚಬೇಕೆಂಬ ಕಲ್ಯಾಣ-ಡೊಂಬಿವಲಿ ಪಾಲಿಕೆಯ ಆಜ್ಞೆ. ಎಲ್ಲ ಬಣದ ಅಗ್ರಲೇಖಗಳಿಗೂ, ರಾತ್ರಿ ಒಂಬತ್ತರ ದೂರದರ್ಶನದ ಜಗಳಗಳಿಗೂ ಸುಗ್ಗಿಯೋ ಸುಗ್ಗಿ.

ಇನ್ನು ಈ ಗದ್ದಲದ ಹೊತ್ತಿನಲ್ಲಿ ನಗರದ ಲೆಕ್ಕ ಹೇಗಿತ್ತು? ಮುಂಬಯಿ ಮಹಾನಗರಪಾಲಿಕೆಯಲ್ಲಿ 227 ನಗರಸೇವಕರ ಸ್ಥಾನಗಳು. ಅವರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿ 15ರಂದು. ನಡುವಿನ ಸುಮಾರು ನಾಲ್ಕು ವರ್ಷ ಪಾಲಿಕೆಗೆ ಒಬ್ಬ ನಗರಸೇವಕನೂ ಇಲ್ಲ; ಆಡಳಿತಾಧಿಕಾರಿಯ ಸಹಿಯೇ ಎಲ್ಲ. 2025-26ರ ಮುಂಗಡಪತ್ರ 74,427 ಕೋಟಿ ರೂಪಾಯಿ! ದೇಶದಲ್ಲಿಯೇ ಅತಿ ಶ್ರೀಮಂತ ಪಾಲಿಕೆಯ ಅಷ್ಟು ದೊಡ್ಡ ಹಣದ ಬಗ್ಗೆ ಸಭೆಯಲ್ಲಿ ಎದ್ದು ನಿಂತು 'ನಮ್ಮ ವಾರ್ಡಿಗೆಷ್ಟು?' ಎನ್ನಲು ಚುನಾಯಿತನೊಬ್ಬನೂ ಇರಲಿಲ್ಲ. ದಹಿಸರ್ ನದಿಯ ಹೂಳು ಈ ಸಲ ಎಷ್ಟು ತೆಗೆದರೆಂದು ಯಾರ ಮನೆಯ ಬಾಗಿಲು ತಟ್ಟುವುದು? 2005ರ ಜುಲೈ 26ರ ಮಳೆಯನ್ನು ಕಂಡವರಿಗೆ ಹೂಳೆಂದರೆ ಹುಡುಗಾಟವಲ್ಲ. ಇದರ ಬಗ್ಗೆ ಬರೆದವರು ಇಲ್ಲವೆಂದಲ್ಲ. ಪಾರಿವಾಳ ಹಾರಿದಷ್ಟು ಎತ್ತರಕ್ಕೆ ಆ ಬರಹ ಹಾರಲಿಲ್ಲ.

ಇಷ್ಟರವರೆಗೆ ಓದಿ ತಲೆದೂಗಿದ ವಾಚಕರು ಈಗ ತುಸು ತಾಳ್ಮೆಯಿಂದ ನಮ್ಮೊಡನೆ ಬೆಂಗಳೂರಿಗೆ ಬರಬೇಕು. ಮಹಾರಾಷ್ಟ್ರದಲ್ಲಿ ಅಂಗಡಿಗಳಿಗೆ ಮರಾಠಿ ಫಲಕ ಕಡ್ಡಾಯವೆಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸಪ್ಟೆಂಬರಿನಲ್ಲಿ ಎರಡು ತಿಂಗಳ ಗಡುವು ಕೊಟ್ಟಾಗ, "ಈ ವಯಸ್ಸಿನಲ್ಲಿ ಮತ್ತೆ ಬೋರ್ಡಿನ ಖರ್ಚೇ?" ಎಂದು ಗೊಣಗಿದ ನಮ್ಮ ಹೋಟೆಲಿನ ಬಂಧುಗಳೇ, ಅದೇ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಫಲಕಗಳನ್ನು ಹರಿದು ಒಡೆದ ಚಿತ್ರ ಬಂದಾಗ, "ಹಾಗೆ ಆಗಬೇಕು!" ಎಂದು ಚಪ್ಪಾಳೆಯ ಗುರುತು ಕಳಿಸಿದರು. ಫಲಕದಲ್ಲಿ ನೂರಕ್ಕೆ ಅರವತ್ತರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಅಲ್ಲಿ ಕಾಯಿದೆಗೆ ತಿದ್ದುಪಡಿಯೂ ಆಯಿತು. ಕಾಯಿದೆ ಬೇಕು. ಊರಿನ ಭಾಷೆ ಊರಿನ ಫಲಕದ ಮೇಲೆ ಎರಡು ಕಡೆಯೂ ಇರಲಿ. ಆದರೆ ಕಲ್ಲಿಗೆ ಕನ್ನಡ ಕಲ್ಲು, ಮರಾಠಿ ಕಲ್ಲು ಎಂಬ ಭೇದವಿಲ್ಲ. ದಹಿಸರದಲ್ಲಿ ಒಂದು ಗಜಕಡ್ಡಿ, ಬೆಂಗಳೂರಿನಲ್ಲಿ ಇನ್ನೊಂದು ಇಟ್ಟುಕೊಂಡವನ ಅಳತೆಯನ್ನು ಯಾರೂ ನಂಬರು.

ಅಲ್ಲಿಯ ಲೆಕ್ಕವನ್ನೂ ನೋಡಿ. ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ 2020ರ ಸಪ್ಟೆಂಬರಿನಲ್ಲಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯಿಲ್ಲ. 2025ರಲ್ಲಿ ಪಾಲಿಕೆಯನ್ನೇ ಐದು ಭಾಗ ಮಾಡಿದರು. ಆ ಐದು ವರ್ಷವೂ ಯಾರು ಕನ್ನಡ ಮಾತಾಡಲಿಲ್ಲ, ಯಾವ ಆಟೋದವನು ಯಾರಿಗೆ ಏನಂದ ಎಂಬ ಜಗಳಕ್ಕೆ ಒಂದು ದಿನವೂ ಬರವಿರಲಿಲ್ಲ. ಎರಡು ಊರು, ಎರಡು ಭಾಷೆ, ಎರಡು ಕಡೆ ಬೇರೆ ಬೇರೆ ಪಕ್ಷ. ಕಥೆ ಮಾತ್ರ ಒಂದೇ ಅಚ್ಚಿನದು. ಇದನ್ನು ಯಾರೋ ಕೂತು ಹೂಡಿದ ಸಂಚೆಂದು ನಾವು ಹೇಳುವುದಿಲ್ಲ. ಕುಲದ ಜಗಳ ಬೇಗ ಬಿಸಿಯಾಗುತ್ತದೆ, ಬೇಗ ಮಾರಾಟವಾಗುತ್ತದೆ. ಮುಂಗಡಪತ್ರ ಓದಲು ಕನ್ನಡಕವೂ ಸಹನೆಯೂ ಬೇಕು. ಅಷ್ಟೇ ಕಾರಣ ಸಾಕು.

ಭಾಷೆ ಉಳಿಸುವ ಕೆಲಸವೂ ಬೇರೆ ಕಡೆಯೇ ಇದೆ. ಮುಂಬಯಿ ಪಾಲಿಕೆ ಇಂದಿಗೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಈ ಕನ್ನಡ ಶಾಲೆಗಳ ಬೆಂಚು ತೆರವಾದದ್ದು ಯಾವ ಅಗ್ರಲೇಖದಿಂದಲೂ ಅಲ್ಲ. ತಂದೆತಾಯಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ್ದರಿಂದ. ಮರಾಠಿ ಶಾಲೆಗಳ ಕಥೆಯೂ ಇದಕ್ಕಿಂತ ಬಹಳ ದೂರವಿಲ್ಲ. ಈ ಎರಡು ಭಾಷೆಯ ಪೋಷಕರು ಒಂದೇ ಬೆಂಚಿನಲ್ಲಿ ಕೂತು, ಪಾಲಿಕೆಯ ಶಾಲೆಗೆ ಒಳ್ಳೆಯ ಶಿಕ್ಷಕರು, ಶುದ್ಧ ನೀರು, ಮಳೆಗೆ ಸೋರದ ಮಾಡು ಬೇಕೆಂದು ಕೇಳಿದರೆ, ಆಗ ನಿಜವಾಗಿ ಉಳಿಸುವ ಕೆಲಸ ಸುರುವಾದೀತು. ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ, ಹೆದರಿಕೆಯಿಂದಲ್ಲ. ಅನ್ನ ಕೊಟ್ಟ ಊರಿನ ಮಾತು ನೆರೆಮನೆಯ ಅಜ್ಜಿಯ ಮಾತೂ ಹೌದು. ಕೇಳಿದರೆ ಆಕೆ ತಪ್ಪು ತಿದ್ದಿ, ಮೇಲೆ ಒಂದು ಪುರಣಪೋಳಿಯನ್ನೂ ಕೊಟ್ಟಾಳು.

ಹೀಗಿರಲಾಗಿ, ಮುಂದಿನ ಸಲ ಯಾರಾದರೂ ಕಾವೇರಿದ ಅಗ್ರಲೇಖದ ತುಣುಕನ್ನು ಕುಟುಂಬದ ಗುಂಪಿಗೆ ಕಳಿಸಿದಾಗ ಗೃಹಿಣಿಯರೂ ಗೃಹಸ್ಥರೂ ಎರಡು ಪ್ರಶ್ನೆ ಕೇಳಿಕೊಳ್ಳಲಿ. ಇದರಲ್ಲಿ ಒಂದು ಕೆಲಸದ, ಒಂದು ಹಣದ, ಒಂದು ದಿನಾಂಕದ ಲೆಕ್ಕವಿದೆಯೋ, ಇಲ್ಲ ಜನರ ಹೆಸರು ಮಾತ್ರ ಇದೆಯೋ? ಇದೇ ಮಾತನ್ನು ಊರು ಬದಲಿಸಿ ಓದಿದರೆ ನಮಗೆ ಒಪ್ಪಿಗೆಯಾದೀತೋ? ಎರಡಕ್ಕೂ ಉತ್ತರ ಸರಿಬಂದರೆ ಧಾರಾಳವಾಗಿ ಮುಂದೆ ಕಳಿಸಿ. ಅದು ಯಾವ ಬಣದ ಪತ್ರಿಕೆಯದಾದರೂ ಚಿಂತೆಯಿಲ್ಲ. ಬಾರದಿದ್ದರೆ ಅಲ್ಲಿಯೇ ಇರಲಿ.

ದಹಿಸರ್ ಮುಂಬಯಿಗೆ ಸೇರಿದ್ದು 1957ರಲ್ಲಿ. ಆ ಲೆಕ್ಕದಲ್ಲಿ ನಮ್ಮ ಉಪನಗರವೇ ಈ ಊರಿಗೆ ತಡವಾಗಿ ಬಂದ ನೆಂಟ. ಹೀಗಾಗಿ ನಮ್ಮ ವಾರ್ಡಿಗೆ ಆರಿಸಿ ಬಂದ ನಗರಸೇವಕರನ್ನು, ಅವರು ಯಾವ ಪಕ್ಷದವರೇ ಆಗಲಿ, ಮಳೆಗಾಲದ ಮುಂಚೆ ಸೊಸಾಯಿಟಿಯ ಮರಾಠಿ, ಗುಜರಾತಿ, ಕನ್ನಡದ ನಾಲ್ಕು ಜನ ಕೂಡಿ ಹೋಗಿ ಕಂಡು, ನದಿಯ ಹೂಳಿನ ಲೆಕ್ಕ ಕೇಳುವುದು ಒಳ್ಳೆಯದು. ಅರ್ಜಿ ಮರಾಠಿಯಲ್ಲಿರಲಿ, 'ವಿಷಯ'ದ ಸಾಲು ಸ್ಪಷ್ಟವಾಗಿರಲಿ. ಬರೆದುಕೊಡಲು ಗುಮಾಸ್ತರು ಸಿದ್ಧರಿದ್ದೇವೆ.