ಅಂಕೆಯಂತೆ ಕಾಣುವುದೆಲ್ಲ ಸಂಖ್ಯೆಯಲ್ಲ

ಒಂಬತ್ತು ದೊಡ್ಡದೋ ನೂರು ದೊಡ್ಡದೋ ಎಂದು ಕೇಳಿದರೆ ಪ್ರಾಥಮಿಕ ಶಾಲೆಯ ಬಾಲಕನೂ ನಕ್ಕಾನು. ಆದರೆ ಒಮ್ಮೆ ನಾನು ತರಗತಿಯ ಪರೀಕ್ಷಾಂಕಗಳನ್ನು ಡೇಟಾಬೇಸಿನಲ್ಲಿ ತುಂಬಿ, ಇಳಿಕೆಯ ಕ್ರಮದಲ್ಲಿ ಪಟ್ಟಿಮಾಡೆಂದು ಗಣಕಯಂತ್ರಕ್ಕೆ ಆಜ್ಞಾಪಿಸಿದಾಗ, 9 ಅಂಕದವನು 87 ಅಂಕದವನಿಗಿಂತ ಮೇಲೆ ಬಂದಿದ್ದ. ನೂರಕ್ಕೆ ನೂರು ಪಡೆದವಳು ಕೆಳತುದಿಯಲ್ಲಿದ್ದಳು!

ಯಂತ್ರದ ತಪ್ಪೇನೂ ಇರಲಿಲ್ಲ. ಅಂಕಗಳ ಕಾಲಂ ಸಂಖ್ಯೆಗಳದೆಂದು ತಿಳಿಸದೆ ಅಕ್ಷರಗಳದೆಂದು ನಾನೇ ತಿಳಿಸಿದ್ದೆ. ಅಕ್ಷರಗಳನ್ನು ಅದು ನಿಘಂಟುಕಾರನಂತೆ ಎಡದಿಂದ ಒಂದೊಂದಾಗಿ ಹೋಲಿಸುತ್ತದೆ. 1ಕ್ಕಿಂತ 9 ದೊಡ್ಡದೆಂದು ಮೊದಲ ಸ್ಥಾನದಲ್ಲೇ ತೀರ್ಮಾನವಾದ ಮೇಲೆ, ಹಿಂದಿರುವ ಎರಡು ಸೊನ್ನೆಗಳನ್ನು ಕೇಳುವವರಾರು?

ಹಾಗೇಕೆ ತಿಳಿಸಿದೆನೆಂದರೆ, ಪರೀಕ್ಷೆಗೆ ಬಾರದವರ ಹೆಸರಿನೆದುರು 'ಗೈ' ಎಂದು ಬರೆಯುವುದು ನಮ್ಮ ರೂಢಿ. ನಿಜವಾದ ಅಪಾಯವಿರುವುದು ಇಲ್ಲಿಯೇ. 60, 80, 'ಗೈ' ಎಂಬ ಮೂರು ನಮೂದುಗಳ ಸರಾಸರಿಯನ್ನು ಕೇಳಿ ನೋಡಿರಿ. ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆಯು ಅಕ್ಷರಗಳಿಗೆ ಸರಾಸರಿಯಿಲ್ಲವೆಂದು ದೋಷವನ್ನು ಸಾರಿ ನಿಂತುಬಿಡುತ್ತದೆ. ಪೂರ್ಣಾಂಕಕ್ಕೆ ಪರಿವರ್ತಿಸೆಂದು ಒತ್ತಾಯಿಸಿದರೆ 'ಗೈ'ಯನ್ನೇ ಬೆರಳಿಟ್ಟು ತೋರಿಸಿ ಮತ್ತೆ ನಿಲ್ಲುತ್ತದೆ. ಎಸ್‌ಕ್ಯೂಲೈಟ್ ಹಾಗಲ್ಲ. ಅದು 'ಗೈ'ಯನ್ನು ಸೊನ್ನೆಯೆಂದು ಭಾವಿಸಿ, 140ನ್ನು ಮೂರರಿಂದ ಭಾಗಿಸಿ, ಸುಮಾರು 46.67 ಎಂದು ಸದ್ದಿಲ್ಲದೆ ಉತ್ತರ ಕೊಡುತ್ತದೆ. ಪರೀಕ್ಷೆ ಬರೆದವರ ಸರಾಸರಿಯಾದರೋ 70!

ಇವೆರಡರಲ್ಲಿ ನಿಂತುಬಿಡುವ ಯಂತ್ರವೇ ನಮಗೆ ಹಿತವಾದುದೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ದೋಷಸಂದೇಶ ಕಂಡೊಡನೆ, ಹೇಗಾದರೂ ಅದರ ಬಾಯಿ ಮುಚ್ಚಿಸುವ ಆಜ್ಞೆಯೊಂದನ್ನು ಹುಡುಕಹೊರಡುತ್ತಾರೆ. ಸುಟ್ಟ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟುವವರೂ ಪ್ರಾಯಶಃ ಇವರೇ ಇರಬೇಕು! ಮೊದಲು ಸಂಖ್ಯೆಯಾಗಲಾರದ ನಮೂದುಗಳನ್ನಷ್ಟೇ ಆರಿಸಿ ತೆಗೆದು ಕಣ್ಣಾರೆ ನೋಡಬೇಕು. ಗೈರುಹಾಜರಿಗೆ ಬೇರೊಂದು ಕಾಲಂ ಇಟ್ಟು, ಅಂಕದ ಸ್ಥಾನವನ್ನು 'ನಲ್' ಎಂದು ಬರಿದಾಗಿ ಬಿಟ್ಟರೆ ಸರಾಸರಿಯ ಲೆಕ್ಕದಲ್ಲಿ ಅದು ಸೇರುವುದೇ ಇಲ್ಲ. ಆ ಬಳಿಕ ಕಾಲಮ್ಮನ್ನು ಸಂಖ್ಯೆಯದಾಗಿ ಬದಲಿಸಬಹುದು.

ನಾನು ಹಾಗೆ ಆರಿಸಿ ನೋಡಿದಾಗ ಸಿಕ್ಕವುಗಳೆಲ್ಲ 'ಗೈ' ಆಗಿರಲಿಲ್ಲ. ಒಂದೆಡೆ 70ರಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರ ಕುಳಿತಿತ್ತು. ಇಂತಹುದನ್ನು ಪೂರ್ಣಾಂಕಕ್ಕೆ ಪರಿವರ್ತಿಸೆಂದರೆ ಎಸ್‌ಕ್ಯೂಲೈಟ್ ಮೊದಲಿನ 7ನ್ನು ಉಳಿಸಿಕೊಂಡು ಮಿಕ್ಕುದನ್ನು ಎಸೆದುಬಿಡುತ್ತದೆ. ಎಪ್ಪತ್ತು ಪಡೆದ ಆ ಹುಡುಗ ಏಳಕ್ಕಿಳಿದು ಅನುತ್ತೀರ್ಣನಾಗಲಿದ್ದ. 'ಓ' ಒತ್ತಿದ ಬೆರಳು ನನ್ನದೇ.